ಸ್ವ್ಯಾಬ್ ವರದಿಗಳೆರಡು ಬೇರೆ ಬೇರೆ ಹೇಳುತ್ತಿವೆ: ತಿಳಿದವರು, ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಮೂರು ತಿಂಗಳಿಂದ ತೆಳ್ಳಗೆ, ಬೂದು ಬಣ್ಣದ ಬಿಳಿಸೆರಗು ಹೋಗುತ್ತಿದೆ. ಮೀನಿನಂಥ ವಾಸನೆಯೂ ಇದೆ. ಮೊದಲ ಸಲ ಸ್ವ್ಯಾಬ್ ಕೊಟ್ಟಾಗ ಕಲ್ಚರ್ ಮಾಡಿ (ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ) ‘ಗಾರ್ಡ್ನರೆಲ್ಲ ಬೆಳೆದಿದೆ’ ಎಂದು ಬರೆದಿದ್ದರು. ಎರಡನೆಯ ಸಲ ಇನ್ನೊಂದು ಪ್ರಯೋಗಾಲಯದವರು ಗ್ರಾಂ ಸ್ಟೇನ್ ಮಾಡಿ (ಗಾಜಿನ ಸ್ಲೈಡಿನ ಮೇಲೆ ಸವರಿ ಬಣ್ಣ ಹಾಕಿ ನೋಡಿ) ‘ನ್ಯೂಜೆಂಟ್ ಅಂಕ 5, ಮಧ್ಯಮ’ ಎಂದರು. ಯಾವುದನ್ನು ನಂಬಲಿ? ಮೂರನೆಯ ಸಲ ಕೊಡುವ ಮುಂಚೆ ಏನನ್ನು ಗಮನಿಸಬೇಕು?

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೊಬ್ಬರ ಉತ್ತರ

ಸ್ಲೈಡ್ ನೋಡುವುದೇ ನನ್ನ ದಿನದ ಕೆಲಸ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಮೊದಲ ವರದಿಯನ್ನು ಬದಿಗಿಡಿ. ಈ ಎರಡೂ ಪರೀಕ್ಷೆಗಳಲ್ಲಿ ಹುಡುಕುತ್ತಿರುವ ಬ್ಯಾಕ್ಟೀರಿಯಲ್ ವಜಿನೋಸಿಸ್ ಎನ್ನುವುದು ಹೊರಗಿನಿಂದ ಬಂದ ಒಂದೇ ಒಂದು ರೋಗಾಣುವಿನ ಕಾಟವಲ್ಲ. ಯೋನಿಯನ್ನು ಆಮ್ಲೀಯವಾಗಿ ಇಟ್ಟಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾಗಿ, ಗಾರ್ಡ್ನರೆಲ್ಲ, ಪ್ರಿವೊಟೆಲ್ಲ, ಮೊಬಿಲಂಕಸ್ ಮುಂತಾದವು ಆ ಜಾಗವನ್ನು ತುಂಬಿಕೊಳ್ಳುವ ಸ್ಥಿತಿ. ಯಾವ ತೊಂದರೆಯೂ ಇಲ್ಲದ ಎಷ್ಟೋ ಹೆಂಗಸರಲ್ಲಿಯೂ ಗಾರ್ಡ್ನರೆಲ್ಲ ಇರುತ್ತದೆ, ಹಾಗಾಗಿ ಅದು ತಟ್ಟೆಯಲ್ಲಿ ಬೆಳೆಯಿತು ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಾಗುವುದಿಲ್ಲ. ಇಲ್ಲಿ ಬೇಕಾಗಿರುವುದು ಯಾವುದು ಎಷ್ಟಿದೆ ಎಂಬ ಲೆಕ್ಕ, ಅದು ಸಿಗುವುದು ಸ್ಲೈಡಿನಲ್ಲಿ.

1991ರಲ್ಲಿ ಬಂದ ನ್ಯೂಜೆಂಟ್ ಪದ್ಧತಿಯಲ್ಲಿ ಮಾಡುವುದೂ ಆ ಲೆಕ್ಕವನ್ನೇ. ಬಣ್ಣ ಹಾಕಿದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಲ್ಯಾಕ್ಟೋಬ್ಯಾಸಿಲಸ್‌ಗಳು ದಪ್ಪನೆಯ ನೇರಳೆ ಕಡ್ಡಿಗಳಂತೆ ಕಾಣುತ್ತವೆ. ಗಾರ್ಡ್ನರೆಲ್ಲ ಮಾತ್ರ ಚಿಕ್ಕದು, ನೇರಳೆಯೋ ಗುಲಾಬಿಯೋ ಎಂದು ಹೇಳಲಾಗದಂಥ ಬಣ್ಣ. ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾದಷ್ಟೂ, ಗಾರ್ಡ್ನರೆಲ್ಲ ಹೆಚ್ಚಾದಷ್ಟೂ ತಲಾ 4ರವರೆಗೆ ಅಂಕ. ಬಾಗಿದ ಮೊಬಿಲಂಕಸ್‌ಗೆ 2ರವರೆಗೆ. ಒಟ್ಟು 0ರಿಂದ 3 ಬಂದರೆ ಸಹಜ, 7ರಿಂದ 10 ಬಂದರೆ ವಜಿನೋಸಿಸ್. ನಿಮ್ಮ 5 ಹೇಗೆ ಬಂದಿರಬಹುದು ಎಂದರೆ, ಒಂದು ನೋಟದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಒಂದರಿಂದ ನಾಲ್ಕು ಕಂಡರೆ 2 ಅಂಕ, ಗಾರ್ಡ್ನರೆಲ್ಲದಂಥವು ಐದರಿಂದ ಮೂವತ್ತು ಕಂಡರೆ 3 ಅಂಕ. ಅಂದರೆ ಸಮತೋಲ ಕೆಟ್ಟಿದೆ, ಪೂರ್ತಿ ಮಗುಚಿಲ್ಲ. ಅಥವಾ ಮಗುಚಿದ್ದು ಮತ್ತೆ ನೇರವಾಗುತ್ತಿದೆ. ಇವೆರಡರಲ್ಲಿ ಯಾವುದೆಂದು ಸ್ಲೈಡೊಂದೇ ಹೇಳಲಾರದು. ಎರಡನೆಯ ಸ್ವ್ಯಾಬ್ ಕೊಡುವ ಮೊದಲು ಏನಾದರೂ ಔಷಧಿ ತೆಗೆದುಕೊಂಡಿದ್ದಿರಾ?

ಇದೇ ತೊಂದರೆ ಅನುಭವಿಸಿದವರೊಬ್ಬರ ಉತ್ತರ

ನನ್ನ ವೈದ್ಯೆ ಪ್ರಯೋಗಾಲಯಕ್ಕೆ ಕಳುಹಿಸುವ ಮೊದಲು ತಮ್ಮ ಕೋಣೆಯಲ್ಲೇ ಆಮ್ಸೆಲ್ ಲಕ್ಷಣಗಳನ್ನು ನೋಡಿದ್ದರು: ಸ್ರಾವದ ಸ್ವರೂಪ, 4.5ಕ್ಕಿಂತ ಹೆಚ್ಚಿನ ಪಿಎಚ್ (ಇದು ಏರಿದಷ್ಟೂ ಆಮ್ಲೀಯತೆ ಕಡಿಮೆ ಎಂದರ್ಥ), ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿದ್ದೊಡನೆ ಏಳುವ ಮೀನಿನ ವಾಸನೆ, ಸೂಕ್ಷ್ಮದರ್ಶಕದಲ್ಲಿ ಕಾಣುವ ಕ್ಲೂ ಕೋಶಗಳು (ಮೈತುಂಬ ಬ್ಯಾಕ್ಟೀರಿಯಾ ಅಂಟಿಕೊಂಡ ಯೋನಿಯ ಕೋಶಗಳು). ಈ ನಾಲ್ಕರಲ್ಲಿ ಮೂರು ಇದ್ದರೆ ವಜಿನೋಸಿಸ್ ಎನ್ನುತ್ತಾರೆ. ಅವರು ನನ್ನನ್ನೂ ಕರೆದು ಕ್ಲೂ ಕೋಶ ತೋರಿಸಿದರು. ಅಂಚು ಸ್ಪಷ್ಟವಾಗಿರಬೇಕಾದ ಕೋಶದ ಮೇಲೆಲ್ಲ ನುಣ್ಣನೆಯ ಪುಡಿ ಉದುರಿಸಿ ಅಂಚನ್ನೇ ಅಳಿಸಿದಂತಿತ್ತು.

ಆದರೆ ಅದು ಎರಡನೆಯ ಭೇಟಿಯ ಮಾತು. ಮೊದಲ ಸಲ ನಾನು ಮುಟ್ಟಿನ ಕೊನೆಯ ದಿನ ಹೋಗಿದ್ದೆ, ಪಿಎಚ್ ಕಾಗದ ಬಣ್ಣ ಬದಲಿಸಿತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ರಕ್ತ, ವೀರ್ಯ, ಗರ್ಭಕಂಠದ ಲೋಳೆ ಇವು ಮೂರೂ ಪಿಎಚ್ ಏರಿಸುತ್ತವಂತೆ. ಅದಕ್ಕೇ ಸ್ವ್ಯಾಬನ್ನು ಯೋನಿಯ ಪಕ್ಕದ ಗೋಡೆಯಿಂದ ತೆಗೆಯುವುದು. ಮುಟ್ಟು ಪೂರ್ತಿ ನಿಂತ ಮೇಲೆ ಹೋಗಿ. ಹಿಂದಿನ ಎರಡು ದಿನ ಸಂಭೋಗ, ಒಳಗೆ ಹಚ್ಚುವ ಮುಲಾಮು, ಒಳಗೆ ನೀರು ಹಾಯಿಸಿ ತೊಳೆಯುವುದು ಯಾವುದೂ ಬೇಡ. ವಾಸನೆಗೆ ನಾಚಿ ಚೆನ್ನಾಗಿ ತೊಳೆದುಕೊಂಡು ಹೋಗೋಣ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಬ್ಬರು

ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿಯ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ, ಅದರಲ್ಲಿಯೂ ವಾಸನೆ ಬರುತ್ತದೆ, ಪಿಎಚ್ ಏರುತ್ತದೆ. ಬಣ್ಣ ಹಾಕದ ಹಸಿ ಸ್ಲೈಡಿನಲ್ಲಾದರೆ ಅದು ಈಜಾಡುತ್ತಿರುವಾಗಲೇ ನೋಡಬೇಕು, ತಡವಾದರೆ ಚಲನೆ ನಿಂತು ಗುರುತು ಸಿಗುವುದಿಲ್ಲ. ನನ್ನದು ಹಾಗೆಯೇ ತಪ್ಪಿಹೋಗಿ, ಕೊನೆಗೆ ಡಿಎನ್ಎ ಹುಡುಕುವ ಪಿಸಿಆರ್‌ನಲ್ಲಿ ಸಿಕ್ಕಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಔಷಧಿಯ ಪ್ರಶ್ನೆ ಓದಿದಾಗ ನೆನಪಾಯಿತು: ಮೊದಲ ವರದಿ ಬಂದಾಗ ಏಳು ದಿನಕ್ಕೆಂದು ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟಿದ್ದರು, ಹೊಟ್ಟೆ ತೊಳಸುತ್ತದೆ ಎಂದು ಮೂರನೆಯ ದಿನಕ್ಕೆ ಬಿಟ್ಟೆ, ಅದರ ಮರುದಿನವೇ ಎರಡನೆಯ ಸ್ವ್ಯಾಬ್ ಕೊಟ್ಟೆ. ಆ ವಿಷಯವನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಲ ಎರಡೂ ವರದಿಗಳ ಜೊತೆಗೆ ಅದನ್ನೂ ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗುತ್ತೇನೆ.