ಪದಚರ್ಚೆ: ‘ಉತ್ಪನ್ನ ನಿರ್ವಹಣೆ’ ಎಂದರೆ ಗೋದಾಮು ಕಾಯುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿರುವ ಹನ್ನೆರಡು ಮಂದಿಗೆ ಶನಿವಾರದ ಸಂಜೆ ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನ ಮೊದಲ ಪಾಠಗಳನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದೇನೆ. ಟಿಪ್ಪಣಿಯ ಮೊದಲ ಪುಟದಲ್ಲಿ ಹೆಚ್ಚು ಯೋಚಿಸದೆ ‘ಉತ್ಪನ್ನ ನಿರ್ವಹಣೆ’ ಎಂದು ಬರೆದಿದ್ದೆ. ತರಗತಿ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಮೆಕ್ಕೆಜೋಳಕ್ಕೆ ಹುಳ ಬೀಳದಂತೆ ನೋಡಿಕೊಳ್ಳುವುದೂ ಇದರಲ್ಲೇ ಬರುತ್ತದೆಯೇ?” ಅವಳ ತಂದೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅವಳು ಪದವನ್ನು ಸರಿಯಾಗಿಯೇ ಓದಿದ್ದಳು, ಬರೆದವಳು ನಾನು.

ಈ ಊರಿನವರು ‘ಉತ್ಪನ್ನ’ ಎಂಬ ಮಾತನ್ನು ಹೆಚ್ಚಾಗಿ ನೋಡುವುದು ‘ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ’ ಎಂಬ ಫಲಕದಲ್ಲಿ. ಅಲ್ಲಿ ಅದು ಇಂಗ್ಲಿಷಿನ ‘ಪ್ರೊಡ್ಯೂಸ್’ಗೆ ಸಲ್ಲುವ ಪದ, ‘ಪ್ರಾಡಕ್ಟ್’ಗೆ ಅಲ್ಲ. 1966ರ ಮಾರುಕಟ್ಟೆ ಕಾಯ್ದೆಯ ಹೆಸರಿನಲ್ಲೂ ಅಷ್ಟೇ. ಉತ್ತರದ ಕಡೆಯ ಹಳೆಯ ಸಹಕಾರಿ ಸಂಘಗಳು ಇದನ್ನೇ ‘ಒಕ್ಕಲುತನ ಹುಟ್ಟುವಳಿ’ ಎಂದು ಬರೆದುಕೊಂಡಿವೆ; ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಸಂಸ್ಕೃತದ ‘ಉತ್ಪನ್ನ’ವೂ ಹುಟ್ಟಿದ್ದು, ಉಂಟಾದದ್ದು ಎಂದೇ. ಮರಾಠಿಯವರು ಅದನ್ನು ಆದಾಯ ಎಂಬ ಅರ್ಥದಲ್ಲಿ ಬಳಸುತ್ತಾರೆ. ಹೊಲದಲ್ಲಿ ಹುಟ್ಟಿದ್ದೇ ಆದಾಯವಾಗಿದ್ದ ಕಾಲದ ನೆನಪಿರಬೇಕು.

ಇನ್ನು ‘ನಿರ್ವಹಣೆ’. ರಸ್ತೆ ನಿರ್ವಹಣೆ, ಕೆರೆ ನಿರ್ವಹಣೆ, ಕೊಳವೆಬಾವಿಯ ನಿರ್ವಹಣೆ. ಪಂಚಾಯಿತಿಯ ಕನ್ನಡದಲ್ಲಿ ಇದು ಇರುವುದನ್ನು ಕೆಡದಂತೆ ಕಾಯುವ ಕೆಲಸ. ಮ್ಯಾನೇಜ್‌ಮೆಂಟಿಗೂ ಮೇಂಟೆನೆನ್ಸಿಗೂ ನಾವು ಒಂದೇ ಪದವನ್ನು ದುಡಿಸಿಕೊಂಡಿದ್ದೇವೆ. ಎರಡನ್ನೂ ಜೋಡಿಸಿದರೆ ಬೆಳೆದದ್ದನ್ನು ಹುಳ ಹಿಡಿಯದಂತೆ ಕಾಯುವುದು ಎಂದೇ ಆಗುತ್ತದೆ. ಆದರೆ ನಾನು ಕಲಿಸಹೊರಟಿರುವುದು ಯಾರಿಗೆ ಏನು ಬೇಕು, ಏಕೆ ಬೇಕು, ಎಷ್ಟಕ್ಕೆ ಕೊಂಡಾರು ಎಂದು ವಿಚಾರಿಸಿ, ಮೊದಲು ಯಾವುದನ್ನು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂದು ತೀರ್ಮಾನಿಸುವ ಕೆಲಸವನ್ನು. ಕಾಯುವುದಕ್ಕೆ ಅಲ್ಲಿ ಇನ್ನೂ ಏನೂ ಇರುವುದಿಲ್ಲ.

ಈ ಕೆಲಸ ಹುಟ್ಟಿದ್ದು ಕಂಪ್ಯೂಟರಿನಿಂದ ಎಂದು ಹುಡುಗರು ನಂಬಿದ್ದಾರೆ. ಹುಟ್ಟಿದ್ದು ಸಾಬೂನಿನಿಂದ. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್‌ರಾಯ್ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಅವರ ಪಾಲಿಗೆ ಬಂದಿದ್ದ ಕ್ಯಾಮೆ ಸಾಬೂನು ಅದೇ ಕಂಪನಿಯ ಐವರಿ ಸಾಬೂನಿನ ನೆರಳಿನಲ್ಲಿ ಸೊರಗುತ್ತಿತ್ತು. ಒಂದೊಂದು ಬ್ರ್ಯಾಂಡಿಗೂ ಅದರ ಏಳುಬೀಳಿನ ಹೊಣೆ ಹೊರುವ ಒಬ್ಬೊಬ್ಬ ಆಳು ಬೇಕು, ಮಾರಾಟ ಕುಸಿದ ಕಡೆಗೆ ಅವನೇ ಹೋಗಿ ಅಂಗಡಿಯವರನ್ನೂ ಕೊಳ್ಳುವವರನ್ನೂ ಮಾತನಾಡಿಸಬೇಕು ಎಂಬುದು ಅದರ ಸಾರ. (ಇದೇ ಮೆಕೆಲ್‌ರಾಯ್ 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದರು. ಸಾಬೂನಿನಿಂದ ಕ್ಷಿಪಣಿಗೆ!) ಹಾಗಾಗಿ ‘ಪ್ರಾಡಕ್ಟ್’ ಎನ್ನುವಲ್ಲಿ ನಿಲ್ಲಲು ‘ಸರಕು’ ಎಂಬ ಪದಕ್ಕೆ ಹಕ್ಕಿದೆ ಎಂದು ನನಗೆ ಅನಿಸಿತು. ಅಡ್ಡ ಬಂದದ್ದು ಜಿಎಸ್‌ಟಿ. 2017ರಿಂದ ‘ಸರಕು ಮತ್ತು ಸೇವಾ ತೆರಿಗೆ’ ಎಂದು ಬರೆದೂ ಬರೆದೂ, ವಾಣಿಜ್ಯ ವಿದ್ಯಾರ್ಥಿಗಳ ತಲೆಯಲ್ಲಿ ಸರಕು ಒಂದು ದಡವಾದರೆ ಸೇವೆ ಇನ್ನೊಂದು ದಡವಾಗಿಬಿಟ್ಟಿದೆ. ಮೊಬೈಲ್ ಆ್ಯಪನ್ನು ಸರಕು ಎಂದರೆ ಲೆಕ್ಕಶಾಸ್ತ್ರದ ಹುಡುಗರು ಕೈ ಎತ್ತುತ್ತಾರೆ. ಯಾರ್ಡಿನಲ್ಲಿ ದಿನಬೆಳಗಾದರೆ ಕೇಳುವ ‘ಮಾಲು’ ಎಲ್ಲಕ್ಕೂ ಸಲ್ಲುತ್ತದೆ, ಆದರೆ ಹರೆಯದವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥಗಳು ಅಂಟಿಕೊಂಡಿರುವುದರಿಂದ ತರಗತಿಯಲ್ಲಿ ಆಡಲಾರೆ.

ಮ್ಯಾನೇಜರನಿಗೆ ನಾನು ಸದ್ಯ ಹಿಡಿದಿರುವ ಪದ ‘ಉಸ್ತುವಾರಿ’. ಜಿಲ್ಲಾ ಉಸ್ತುವಾರಿ ಸಚಿವರನ್ನು ನೆನೆದುಕೊಳ್ಳಿ. ಜಿಲ್ಲೆಯಲ್ಲಿರುವ ಇಲಾಖೆಗಳೆಲ್ಲ ಅವರ ಖಾತೆಗೆ ಸೇರಿದವಲ್ಲ, ಆದರೂ ಏನು ಕೆಟ್ಟರೂ ಜನ ಹಿಡಿದು ಕೇಳುವುದು ಅವರನ್ನೇ. ಪ್ರಾಡಕ್ಟ್ ಮ್ಯಾನೇಜರನ ಪಾಡೂ ಅದೇ. ಎಂಜಿನಿಯರ್ ಅವನ ಕೈಕೆಳಗಿನವನಲ್ಲ, ವಿನ್ಯಾಸ ಮಾಡುವವಳು ಅವನ ಮಾತಿಗೆ ಕಟ್ಟುಬಿದ್ದವಳಲ್ಲ, ಮಾರಾಟದವರ ಸಂಬಳ ಏರಿಸುವುದೂ ಅವನ ಕೈಯಲ್ಲಿಲ್ಲ. ಒಪ್ಪಿಸಿಯೇ ಕೆಲಸ ತೆಗೆಯಬೇಕು. ಹೀಗಿರುವಾಗ ‘ಯಜಮಾನಿಕೆ’ ಎಂದರೆ ಅವನಿಗಿಲ್ಲದ ಅಧಿಕಾರವನ್ನು ಕೊಟ್ಟಂತಾಗುತ್ತದೆ. ದೇವಸ್ಥಾನದ ‘ಪಾರುಪತ್ಯ’ ಸೊಗಸಾದ ಪದವೇ, ಆದರೆ ಪತ್ರಿಕೆಯ ಕ್ರೀಡಾಪುಟ ಅದನ್ನು ಎದುರಾಳಿಯನ್ನು ಮಣ್ಣುಮುಕ್ಕಿಸುವ ಅರ್ಥಕ್ಕೆ ತಿರುಗಿಸಿಕೊಂಡಿದೆ. ‘ಉಸ್ತುವಾರಿ’ಯಲ್ಲೂ ಒಂದು ಕುಂದಿದೆ. ಬಾವುಟ ಹಾರಿಸುವ ದಿನ ಬಂದು ಹೋಗುವವರು ಎಂಬ ಛಾಯೆ ಅದಕ್ಕೆ ತಗುಲಿಕೊಂಡಿದೆ, ನಾನು ಹೇಳುವ ಮನುಷ್ಯನೋ ದಿನವೂ ಒಳಗೇ ಇರಬೇಕಾದವನು.

‘ಸ್ಟೇಕ್‌ಹೋಲ್ಡರ್’ಗೆ (ಈ ಕೆಲಸದ ಒಳಿತು ಕೆಡುಕು ತಟ್ಟುವ ಯಾರೇ ಆಗಲಿ) ‘ಪಾಲುದಾರ’ ಎನ್ನುವುದನ್ನು ನಾನು ಕೈಬಿಟ್ಟೆ. ಇಲ್ಲಿಯ ಬಟ್ಟೆ ಅಂಗಡಿಗಳಲ್ಲಿ ಪಾಲುದಾರ ಎಂದರೆ ಲಾಭದಲ್ಲಿ ಪಾಲು ಕೇಳುವವನು. ‘ಸಂಬಂಧಪಟ್ಟವರು’ ಸಾಕು.

‘ಬ್ಯಾಕ್‌ಲಾಗ್’ (ತಂಡದ ಮುಂದಿನ ಕೆಲಸಗಳ ಪಟ್ಟಿ) ಇನ್ನೂ ಫಜೀತಿಯದು. ಪತ್ರಿಕೆ ಓದುವವರಿಗೆ ಬ್ಯಾಕ್‌ಲಾಗ್ ಎಂದರೆ ಮೀಸಲಾತಿಯಲ್ಲಿ ತುಂಬದೆ ಉಳಿದ ಹುದ್ದೆ. ನನ್ನ ಹುಡುಗರಿಗೆ ಅದು ಫೇಲಾದ ವಿಷಯ. ಹಲಗೆಯ ಮೇಲೆ ಪದ ಬರೆದ ಕೂಡಲೇ ಇಬ್ಬರ ಮುಖ ಬಾಡಿತು. ‘ಬಾಕಿ ಪಟ್ಟಿ’ ಎಂದು ಬದಲಿಸಿದೆ, ಅದೂ ಕೈಕೊಟ್ಟಿತು: ಬಾಕಿ ಎಂದರೆ ಸಾಲ, ತೀರಿಸಲೇಬೇಕು. ಈ ಪಟ್ಟಿಯ ಗುಣವೇ ಬೇರೆ. ಅದರಲ್ಲಿರುವುದು ಮುಂದೆ ಮಾಡಬಹುದಾದ ಕೆಲಸಗಳು. ಹೊಸದು ತಿಳಿದ ಹಾಗೆ ಮೇಲಿನದು ಕೆಳಗಾಗುತ್ತದೆ, ಕೆಲವನ್ನು ನಿಶ್ಚಿಂತೆಯಿಂದ ಹೊಡೆದುಹಾಕಬಹುದು. ‘ಪಾಳಿ’ ಎಂಬ ಪದದ ಮೇಲೆ ನನಗೆ ಆಸೆ ಇದೆ. ಈ ಊರು ಹತ್ತಿ ಗಿರಣಿಗಳ ಊರಾಗಿದ್ದಾಗ ಮನೆಮನೆಯ ಮಾತಾಗಿತ್ತು: ಮೊದಲ ಪಾಳಿ, ರಾತ್ರಿ ಪಾಳಿ. ಸಾಲಿನಲ್ಲಿ ನಿಲ್ಲುವುದಕ್ಕೂ ಪಾಳಿ ಎನ್ನುತ್ತೇವೆ. ತೊಡಕೆಂದರೆ, ಪಾಳಿಯಲ್ಲಿ ಮೊದಲು ಬಂದವನಿಗೇ ಮೊದಲು. ಈ ಪಟ್ಟಿಯಲ್ಲಿ ನಿನ್ನೆ ಬಂದವನು ಮುಂದೆ ನಿಲ್ಲಬಹುದು.

ಈಗ ನಾನು ಬರೆಯಲು ಕುಳಿತದ್ದಕ್ಕೆ ನಿಜವಾದ ಕಾರಣ, ‘ಮಿನಿಮಮ್ ವಯಬಲ್ ಪ್ರಾಡಕ್ಟ್’: ಜನ ಬಳಸುತ್ತಾರೆಯೇ ಎಂದು ತಿಳಿಯಲು ಮೊದಲು ಮಾಡಿ ಕೊಡುವ ಅತಿ ಚಿಕ್ಕ ರೂಪ. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಟಂಕಿಸಿದ ಈ ಮಾತನ್ನು ಮುಂದೆ ಎಲ್ಲೆಡೆ ಹಬ್ಬಿಸಿದವರು ಅಮೆರಿಕದ ಉದ್ಯಮಿ, ಲೇಖಕ ಎರಿಕ್ ರೀಸ್. ‘ಕನಿಷ್ಠ ಕಾರ್ಯಸಾಧ್ಯ ಉತ್ಪನ್ನ’ ಎಂಬುದು ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲು. ‘ಮಾದರಿ’ ಎನ್ನೋಣವೆಂದರೆ, ಯಾರ್ಡಿನಲ್ಲಿ ಮಾದರಿ ಎಂದರೆ ಚೀಲದಿಂದ ತೆಗೆದ ಒಂದು ಹಿಡಿ ಕಾಳು. ಹಿಡಿಗೆ ಮೊದಲು ರಾಶಿ ಇರಬೇಕು. ಇಲ್ಲಿ ರಾಶಿಯೇ ಇಲ್ಲ. ಚಿಕ್ಕದಾದರೂ ಇಡಿಯಾದ ಒಂದು ವಸ್ತು ಬೇಕು. ಅದು ಕೊಂಡವನ ಒಂದು ಕೆಲಸವನ್ನಾದರೂ ಪೂರ್ತಿ ಮಾಡಿಕೊಡಬೇಕು. ಅವನು ಅದನ್ನು ನಿಜಕ್ಕೂ ಬಳಸುತ್ತಾನೆಯೇ ಎಂಬುದು ಮಾಡಿದವನಿಗೆ ತಿಳಿಯಬೇಕು. ಸಹೋದ್ಯೋಗಿಯೊಬ್ಬರು ‘ಚೊಚ್ಚಲ ಸರಕು’ ಎಂದು ಸೂಚಿಸಿದರು. ಚೊಚ್ಚಲು ಎಂದರೆ ಮೊದಲನೆಯದು, ಅಷ್ಟೇ. ಚೊಚ್ಚಲ ಬಾಣಂತನಕ್ಕೆ ಯಾವ ಮನೆಯಲ್ಲೂ ಕಡಿಮೆ ಖರ್ಚು ಮಾಡುವುದಿಲ್ಲ.

ಅದೇ ಹುಡುಗಿ ಮತ್ತು ಇನ್ನಿಬ್ಬರು ಅವಳ ತಂದೆಯ ಕೆಲಸಕ್ಕೆಂದು ಒಂದು ಪುಟ್ಟ ಆ್ಯಪ್ ಮಾಡಿದ್ದರು. ರೈತರ ಹೆಸರು, ತೇವಾಂಶ, ಹಮಾಲಿ, ದಲಾಲಿ, ಕೊನೆಗೆ ಬಣ್ಣಬಣ್ಣದ ನಕ್ಷೆ. ತಂದೆ ಎರಡು ದಿನ ಮಗಳ ಮನಸ್ಸಿಗಾಗಿ ಬಳಸಿ, ಮೂರನೆಯ ದಿನ ಕೆಂಪು ರಟ್ಟಿನ ಪುಸ್ತಕಕ್ಕೆ ಮರಳಿದರು. ‘ಹೋಗಿ ಒಂದು ಬೆಳಗ್ಗೆ ಸುಮ್ಮನೆ ಕೂತು ನೋಡಿ ಬನ್ನಿ’ ಎಂದೆ. ನೋಡಿ ಬಂದರು. ತೂಕದ ಯಂತ್ರದ ಬಳಿ ಹಮಾಲರು ಒಂದೊಂದೇ ಚೀಲದ ತೂಕವನ್ನು ಕೂಗುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ನಲವತ್ತು ಚೀಲ ಮುಗಿದ ಮೇಲೆ ರೈತನ ಎದುರಿಗೆ ಆ ತೂಕಗಳನ್ನು ಎರಡು ಸಲ ಕೂಡಿಸಬೇಕು, ಅವನಿಗೆ ನಂಬಿಕೆ ಬರುವಂತೆ. ಅವರಿಗಿದ್ದ ತೊಂದರೆ ಅದೊಂದೇ. ಮಕ್ಕಳು ಉಳಿದುದನ್ನೆಲ್ಲ ಕಿತ್ತುಹಾಕಿದರು. ತೂಕ ಒತ್ತಿದರೆ ಮೊತ್ತ ಬರುತ್ತದೆ, ಒತ್ತಿದ ಅಂಕಿಗಳು ರೈತನಿಗೂ ಕಾಣುವಂತೆ ದಪ್ಪಗೆ ಸಾಲಾಗಿ ನಿಲ್ಲುತ್ತವೆ. ಇದನ್ನು ಅವರು ಇಂದಿಗೂ ಬಳಸುತ್ತಿದ್ದಾರೆ.

ತರಗತಿಯಲ್ಲಿ ಇದನ್ನು ವಿವರಿಸುವಾಗ ಅವಳೇ ಹೇಳಿದಳು: “ಇದು ಖಾಲಿ ದೋಸೆ, ಮೇಡಂ.”

ಹೊರಗಿನವರಿಗಾಗಿ ಒಂದು ಮಾತು. ನಮ್ಮ ಬೆಣ್ಣೆ ದೋಸೆಯ ಹೋಟೆಲುಗಳಲ್ಲಿ ಖಾಲಿ ದೋಸೆ ಎಂದರೆ ಖಾಲಿ ತಟ್ಟೆಯಲ್ಲ. ಬೆಣ್ಣೆ ದೋಸೆಗಿಂತ ಸ್ವಲ್ಪ ಚಿಕ್ಕದು, ಮೇಲೆ ಏನನ್ನೂ ಹಚ್ಚಿರುವುದಿಲ್ಲ. ಪಲ್ಯ, ಚಟ್ನಿ ಪಕ್ಕದಲ್ಲಿ. ಆದರೆ ಅದು ಪೂರ್ತಿ ದೋಸೆಯೇ, ತಿಂದವನ ಹಸಿವು ತೀರುತ್ತದೆ, ಹಿಟ್ಟು ಹುಳಿಯಾಗಿದ್ದರೆ ಆ ಗುಟ್ಟೂ ತಕ್ಷಣ ಹೊರಬೀಳುತ್ತದೆ. ಬೆಣ್ಣೆ ಬಳಿದು ಮುಚ್ಚಿಡುವಂತಿಲ್ಲ. ಇಂಗ್ಲಿಷಿನ ಮೂರು ಪದಗಳಲ್ಲಿ ಸಿಗದ ಕೊನೆಯ ಅರ್ಥವೂ ಇಲ್ಲಿ ಬಂದುಬಿಟ್ಟಿತು.

ತರಗತಿಯಲ್ಲಿ ಈಗ ಅದೇ ಪದ ಓಡುತ್ತಿದೆ. ಆದರೆ ಅಚ್ಚಿನ ಟಿಪ್ಪಣಿಯಲ್ಲಿ ‘ಖಾಲಿ ಸರಕು’ ಎಂದು ಬರೆದರೆ ಮಂಗಳೂರಿನವರೋ ಕಲಬುರಗಿಯವರೋ ಖಾಲಿ ಡಬ್ಬಿ, ಖಾಲಿ ಹುದ್ದೆಗಳ ಸಾಲಿಗೇ ಅದನ್ನು ಸೇರಿಸಿಯಾರು. ಆದ್ದರಿಂದ ನನ್ನ ಪ್ರಶ್ನೆಗಳು ಇವು. ಅಲಂಕಾರವಿಲ್ಲದ, ಆದರೆ ಇಡಿಯಾದ ವಸ್ತುವಿಗೆ ನಿಮ್ಮ ಕಡೆ ಅಡುಗೆಮನೆಯಲ್ಲಿ, ನೇಯ್ಗೆಯಲ್ಲಿ, ಬಡಗಿಗಳ ಮಾತಿನಲ್ಲಿ ಪದವಿದೆಯೇ? ಮೊಳಕಾಲ್ಮೂರಿನ ಮಗ್ಗದವರ ಒಡನಾಟವಿರುವ ಚಿತ್ರದುರ್ಗದ ಸದಸ್ಯರು ದಯವಿಟ್ಟು ವಿಚಾರಿಸಿ ತಿಳಿಸಬೇಕು. ‘ಉಸ್ತುವಾರಿ’ ಎಂಬುದು ನಿಮ್ಮ ಊರಿನಲ್ಲಿ ಒಳಗಿದ್ದು ನೋಡಿಕೊಳ್ಳುವುದೋ, ಹೊರಗಿನಿಂದ ಬಂದು ನೋಡುವುದೋ? ಹಿಂದಿನವರನ್ನು ಮುಂದೆ ತಂದು ನಿಲ್ಲಿಸಬಹುದಾದ ಸಾಲಿಗೆ ‘ಪಾಳಿ’ ಒಗ್ಗುತ್ತದೆಯೇ?

ಟಿಪ್ಪಣಿ ಮುಂದಿನ ಶುಕ್ರವಾರ ಜೆರಾಕ್ಸಿಗೆ ಹೋಗಬೇಕು. ಅಲ್ಲಿಯವರೆಗೆ ಮೊದಲ ಪುಟದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ದಾವಣಗೆರೆಯ ಅರ್ಥದಲ್ಲಿ ಅಲ್ಲ.