ಸಹಾಯ ಬೇಕು: ತಗಡಿನ ಮಾಡಿನ ಕಚೇರಿಯಲ್ಲಿ ಮಳೆಯ ಸದ್ದು ತಗ್ಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರದ ಕಚೇರಿ. ಬಾಡಿಗೆ ಕಟ್ಟಡದ ಮಹಡಿ, ಮೇಲೆ ತಗಡಿನ ಮಾಡು. ಮಳೆ ಜೋರಾದರೆ ಫೋನಿನಲ್ಲಿ ಗಿರಾಕಿ ಹೇಳಿದ್ದು ಅರವತ್ತೋ ಎಪ್ಪತ್ತೋ ತಿಳಿಯುವುದಿಲ್ಲ. ಆದಾಯ ತೆರಿಗೆಯ ಗಡಿಬಿಡಿಯೂ ಜುಲೈನಲ್ಲೇ. ಕೂಡಿಸಿದ ಲೆಕ್ಕವನ್ನೇ ಮತ್ತೆ ಕೂಡಿಸುತ್ತಾ ಕೂರುತ್ತೇವೆ.

ಶಬ್ದಮಾಲಿನ್ಯ ನಿಯಮ, 2000ರ ಪ್ರಕಾರ ವಾಣಿಜ್ಯ ಪ್ರದೇಶಕ್ಕೆ ಹಗಲಿನ ಮಿತಿ 65 ಡೆಸಿಬಲ್. ಮಳೆರಾಯನ ಮೇಲೆ ದೂರು ಕೊಡುವುದು ಯಾರಿಗೆ?

ಥರ್ಮಾಕೋಲ್ ಹಾಳೆ ಅಂಟಿಸಿ ಎನ್ನುವವರೇ ಹೆಚ್ಚು. ಅದು ಬಿಸಿಲಿನ ಕಾವು ತಡೆದೀತು. ತೂಕವೇ ಇಲ್ಲದ ವಸ್ತು ಸದ್ದು ತಡೆಯದು, ಬೆಂಕಿಯ ಭಯ ಬೇರೆ. ತಗಡಿನ ಮೇಲೆ ಅಡಿಕೆ ಸೋಗೆ ಹೊದೆಸಿದರೆ ಹನಿಯ ಹೊಡೆತವೇ ತಗ್ಗುತ್ತದೆ, ಆದರೆ ಮಾಲೀಕರು ಒಪ್ಪುತ್ತಿಲ್ಲ. ಉಳಿದದ್ದು ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ನಾರಿನ ದಪ್ಪ ಹಾಳೆ) ಹಾಸಿ ಕೆಳಗೆ ಜಿಪ್ಸಂ ಸೀಲಿಂಗ್ ಮಾಡಿಸುವುದು. ನಮ್ಮ ಘಟ್ಟದ ಥಂಡಿಗೆ ಅದು ಬೂಸ್ಟು ಹಿಡಿಯುತ್ತದೆಯೇ? ತಗಡು ಸೋರಿದರೆ ಗತಿಯೇನು? ಸಿದ್ದಾಪುರ, ಯಲ್ಲಾಪುರದ ಕಡೆ ಯಾರಾದರೂ ಮಾಡಿಸಿದ್ದರೆ ಚದರ ಅಡಿಗೆ ತಗುಲಿದ ಖರ್ಚು ತಿಳಿಸಿ. ಕೆಲಸ ಬಲ್ಲ ಮೇಸ್ತ್ರಿಗಳಿದ್ದರೂ ಹೇಳಿ.

ಹೆಡ್‌ಫೋನ್ ಸಲಹೆ ಸದ್ಯ ಬೇಡ. ನಮ್ಮ ಕಿವಿಗೆ ಅದು ಸರಿ, ಆಚೆ ಬದಿಯ ಗಿರಾಕಿಗೆ ಮಳೆಯೇ ಕೇಳಿಸುತ್ತದೆ.