ನಾಸ್ಕಾರ್‌ಗೆ ಹೊರದೇಶದ ಕಾರು ಕಂಪನಿ ಇಳಿಯಬೇಕಾದರೆ ಮೊದಲು ಏನು ಮಾಡಬೇಕು? ತಿಳಿದವರು ಹೇಳಿ

ಎಂಟನೇ ಸೆಮ್:
ಸೆಮಿನಾರಿಗೆ ಕೊಟ್ಟಿರುವ ವಿಷಯ ಇದು: ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ನಡೆಸುವ ಅತಿ ಮೇಲಿನ ಸರಣಿ ಕಪ್‌ಗೆ ಹೋಗಬಯಸುವ ಒಂದು ವಿದೇಶಿ ಕಂಪನಿಗೆ ಯೋಜನೆ ತಯಾರಿಸಬೇಕು. ನಾವು ನಾಲ್ಕು ಜನ ಸೇರಿ ಹಾಕಿದ ಲೆಕ್ಕ ಹೀಗಿದೆ. ಮೊದಲ ವರ್ಷ ಎಂಜಿನ್, ಎರಡನೇ ವರ್ಷ ಕಾರು, ಮೂರನೇ ವರ್ಷ ನೇರ ಡೇಟೋನಾ (ಕಪ್‌ನ ವರ್ಷದ ಮೊದಲ ರೇಸ್). ಏಳೆಂಟು ಕಾರು ಒಟ್ಟಿಗೆ ಇಳಿಸಿದರೆ ಒಂದಾದರೂ ಮುಂದೆ ಬರುತ್ತೆ ಅಂತ. ಟೊಯೋಟಾ ಹೇಗೆ ಮಾಡಿತು, ನಮ್ಮ ಲೆಕ್ಕ ಎಲ್ಲಿ ತಪ್ಪುತ್ತೆ? ಅಳತೆ, ನಿಯಮ ಸಮೇತ ಹೇಳಿದರೆ ದೊಡ್ಡ ಉಪಕಾರ.

ಎಡಕ್ಕೇ ತಿರುಗು:
ಏಳೆಂಟು ಕಾರಿನ ಸಾಲನ್ನು ಮೊದಲು ಅಳಿಸಿ. 2007ರಲ್ಲಿ ಟೊಯೋಟಾ ಕಪ್ ಸರಣಿಗೆ ಬಂದದ್ದು ಏಳು ಕಾರಿನೊಂದಿಗೇ. ಮೈಕಲ್ ವಾಲ್ಟ್ರಿಪ್ ರೇಸಿಂಗ್‌ನವು ಮೂರು, ಬಿಲ್ ಡೇವಿಸ್ ರೇಸಿಂಗ್‌ನವು ಎರಡು, ಟೀಮ್ ರೆಡ್ ಬುಲ್‌ನವು ಎರಡು. ಡೇವಿಸ್ ತಂಡ ಬಿಟ್ಟರೆ ಮಿಕ್ಕ ಎರಡೂ ಪೂರ್ತಿ ಸೀಸನ್ನಿಗೆ ಹೊಸಬರು.

ಆಗ ಒಂದು ರೇಸಿಗೆ 43 ಕಾರು. ಮಾಲೀಕರ ಅಂಕಪಟ್ಟಿಯಲ್ಲಿ ಮೊದಲ 35ರೊಳಗೆ ಇರುವವರಿಗೆ ಜಾಗ ಖಾತ್ರಿ, ಮೊದಲ ಐದು ರೇಸಿಗೆ ಹಿಂದಿನ ವರ್ಷದ ಪಟ್ಟಿಯೇ ಆಧಾರ. ಹೊಸ ತಂಡಕ್ಕೆ ಹಿಂದಿನ ವರ್ಷ ಎಲ್ಲಿಂದ ಬರಬೇಕು? ಉಳಿದ ಎಂಟು ಜಾಗಕ್ಕೆ ಟೊಯೋಟಾದವರು ತಮ್ಮತಮ್ಮಲ್ಲೇ ಕಿತ್ತಾಡಬೇಕಾಯಿತು. ಕಾರು ಹೆಚ್ಚಾದಷ್ಟೂ ಮನೆಗೆ ವಾಪಸ್ ಹೋಗುವ ಟ್ರಕ್ಕುಗಳೂ ಹೆಚ್ಚಾದವು.

ತಂಡದ ಮಾಲೀಕರೂ ಚಾಲಕರೂ ಆಗಿದ್ದ ವಾಲ್ಟ್ರಿಪ್ ಅವರ ಲೆಕ್ಕ ಸ್ಲೈಡಿಗೆ ಹಾಕಿ, ಎಲ್ಲರಿಗೂ ಅರ್ಥವಾಗುತ್ತೆ. ಡೇಟೋನಾ 500ರ ಅರ್ಹತಾ ತಪಾಸಣೆಯಲ್ಲಿ ಅವರ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒಳಗೆ ಇರಬಾರದ ಪದಾರ್ಥ ಸಿಕ್ಕಿತು. ಕ್ರೂ ಚೀಫ್‌ಗೆ (ಆ ಕಾರಿನ ತಾಂತ್ರಿಕ ಮುಖ್ಯಸ್ಥ) ಅಮಾನತು, 1,00,000 ಡಾಲರ್ ದಂಡ, 100 ಅಂಕ ಕಡಿತ. ರೇಸಿನಲ್ಲಿ 30ನೆಯವರಾಗಿ ಗಳಿಸಿದ್ದು 73 ಅಂಕ. ವರ್ಷದ ಮೊದಲ ರೇಸ್ ಮುಗಿದಾಗ ಖಾತೆಯಲ್ಲಿ ಮೈನಸ್ 27! ಆಮೇಲೆ ಸತತ 11 ರೇಸಿಗೆ ಅರ್ಹತೆಯೇ ದಕ್ಕಲಿಲ್ಲ. ಓಡದ ಕಾರಿನಿಂದ ಡೇಟಾ ಬರಲ್ಲ, ಡೇಟಾ ಇಲ್ಲದೆ ಕಾರು ಸುಧಾರಿಸಲ್ಲ, ಸುಧಾರಿಸದೆ ಅರ್ಹತೆ ಸಿಗಲ್ಲ.

ಆ ವರ್ಷ ಕಪ್‌ನಲ್ಲಿ ಟೊಯೋಟಾಕ್ಕೆ ಗೆಲುವು ಸೊನ್ನೆ. ಚಿತ್ರ ಬದಲಾದದ್ದು ಜೋ ಗಿಬ್ಸ್ ರೇಸಿಂಗ್ ಷೆವರ್ಲೆ ಬಿಟ್ಟು ಈ ಕಡೆ ಬಂದಾಗ. ಅಷ್ಟರಲ್ಲಾಗಲೇ ಮೂರು ಸಲ ಚಾಂಪಿಯನ್ ಆಗಿದ್ದ ತಂಡ ಅದು. 2008ರ ಮಾರ್ಚ್ 9ರಂದು ಅಟ್ಲಾಂಟಾದಲ್ಲಿ ಆ ತಂಡದ ಚಾಲಕ ಕೈಲ್ ಬುಷ್ ಗೆದ್ದರು. ಆ ಸೀಸನ್ನಿನಲ್ಲಿ ಟೊಯೋಟಾಕ್ಕೆ ಒಟ್ಟು 10 ಗೆಲುವು, ಹತ್ತೂ ಗಿಬ್ಸ್ ತಂಡದವೇ. ಕಂಪನಿ ಅದೇ, ಕ್ಯಾಮ್ರಿ ಅದೇ, ಕೈ ಮಾತ್ರ ಬೇರೆ.

ಕಬ್ಬಿಣದ ಬ್ಲಾಕ್:
ತಂಡದ ವಿಷಯ ಒಪ್ಪಿದೆ. ಆದರೆ "ಮೊದಲ ವರ್ಷ ಎಂಜಿನ್" ಅನ್ನೋದು ಅದಕ್ಕಿಂತ ದೊಡ್ಡ ತಪ್ಪು. ನಿಯಮ ಕೇಳುವುದು 358 ಘನ ಇಂಚಿನ ವಿ8, ಅಂದರೆ ಸುಮಾರು 5.87 ಲೀಟರ್. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಎಂಜಿನ್ ಬ್ಲಾಕಿನೊಳಗೇ ಇರಬೇಕು, ಅಲ್ಲಿಂದ ಮೇಲೆ ವಾಲ್ವ್ ಕಡೆಗೆ ತಳ್ಳುವ ಪುಷ್‌ರಾಡ್ ಬೇಕು, ಒಂದು ಸಿಲಿಂಡರಿಗೆ ಎರಡೇ ವಾಲ್ವ್. ಟೊಯೋಟಾದ ಆಗಿನ ರಸ್ತೆ ವಿ8ಗಳೆಲ್ಲ ಓವರ್‌ಹೆಡ್ ಕ್ಯಾಮ್, ಅಂದರೆ ಕ್ಯಾಮ್‌ಶಾಫ್ಟ್ ಸಿಲಿಂಡರ್ ತಲೆಯ ಮೇಲೆ. ಗೋಡೌನಿನಿಂದ ಎತ್ತಿಕೊಂಡು ಬರುವಂಥದ್ದು ಏನೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿರುವ ಅವರ ರೇಸಿಂಗ್ ಘಟಕ ಟಿಆರ್‌ಡಿ ಖಾಲಿ ಹಾಳೆಯಿಂದ ಶುರುಮಾಡಬೇಕಾಯಿತು.

ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಬಂದರು. 2000ದಲ್ಲಿ ಸೆಲಿಕಾ ಕಾರಿನೊಂದಿಗೆ ನಾಸ್ಕಾರ್‌ನ ಚಿಕ್ಕ ಡ್ಯಾಶ್ ಸರಣಿ. 2004ರಲ್ಲಿ ಟಂಡ್ರಾದೊಂದಿಗೆ ಪಿಕಪ್‌ಗಳು ಓಡುವ ಟ್ರಕ್ ಸರಣಿ. ಹೊಸ ವಿ8 ಮೊದಲು ಪೆಟ್ಟು ತಿಂದದ್ದು ಅಲ್ಲಿ. ಆ ವರ್ಷ ಜುಲೈ 31ರಂದು ಮಿಷಿಗನ್‌ನಲ್ಲಿ ಟ್ರಾವಿಸ್ ಕ್ವಾಪಿಲ್ ಮೊದಲ ಗೆಲುವು ತಂದರು, 2006ರಲ್ಲಿ ಟಾಡ್ ಬೊಡೀನ್ ಟ್ರಕ್ ಚಾಂಪಿಯನ್ ಆದರು. ಕಪ್ ಆಮೇಲೆ.

ಇನ್ನೊಂದು ಸೂಕ್ಷ್ಮ. ಖಾಲಿ ಹಾಳೆಯಿಂದ ಬರೆದವರಿಗೆ ಒಂದು ಲಾಭ ಇದೆ, ಆಮೇಲೆ ಕಾಲಿಗೆ ಸುತ್ತಿಕೊಳ್ಳುವುದೂ ಅದೇ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುಬಿಂದುಗಳ ಅಂತರ ಹಳೇ ಷೆವರ್ಲೆ ಬ್ಲಾಕಿನಲ್ಲಿ 4.400 ಇಂಚು. ಹೊಸ ವಿನ್ಯಾಸದಲ್ಲಿ ಇದನ್ನು ಹೆಚ್ಚಿಸಿಕೊಂಡರೆ ನಡುವೆ ನೀರು ಹರಿಯಲು ಜಾಗ ಸಿಗುತ್ತೆ, ಬೋರ್ (ಸಿಲಿಂಡರಿನ ವ್ಯಾಸ) ಮತ್ತು ವಾಲ್ವ್ ದೊಡ್ಡದು ಮಾಡಬಹುದು. 2008ರ ಎರಡನೇ ದರ್ಜೆಯ ಸರಣಿಯಲ್ಲಿ ಗಿಬ್ಸ್ ತಂಡ ಒಂದರ ಹಿಂದೊಂದು ಗೆಲ್ಲತೊಡಗಿತು. ನಾಸ್ಕಾರ್ ಸೀಸನ್ ನಡುವೆಯೇ ನಿಯಮ ತಂದಿತು: ಅಂತರ 4.470 ಇಂಚು ಅಥವಾ ಹೆಚ್ಚಿದ್ದರೆ ಕಾರ್ಬ್ಯುರೇಟರ್ ಕೆಳಗಿನ ಸ್ಪೇಸರಿನ ರಂಧ್ರ ಒಂದೂಕಾಲು ಇಂಚಿನ ಬದಲು 1.125 ಇಂಚು. ವ್ಯಾಸದಲ್ಲಿ ಎಂಟನೇ ಒಂದು ಇಂಚು ಅಷ್ಟೇ ಅನ್ನಿಸುತ್ತೆ. ವಿಸ್ತೀರ್ಣ ಹಾಕಿ ನೋಡಿ, ಗಾಳಿಯ ದಾರಿ 19 ಶೇಕಡಾ ಕಿರಿದು. ಹೆಸರು ಹೇಳದೆ ಟೊಯೋಟಾದ ಹೆಸರು ಹೇಳುವ ನಿಯಮ.

ಅದರ ಬೆನ್ನಿಗೇ ಆಗಸ್ಟಿನಲ್ಲಿ, ಮಿಷಿಗನ್ ರೇಸ್ ಮುಗಿದ ಮೇಲೆ ಎಂಜಿನ್ ಶಕ್ತಿ ಅಳೆಯಲು ಕಾರುಗಳನ್ನು ಚಾಸಿ ಡೈನೊ ಮೇಲೆ ಹತ್ತಿಸಿದಾಗ, ಗಿಬ್ಸ್ ತಂಡದ ಎರಡು ಕಾರುಗಳ ಆಕ್ಸಿಲರೇಟರ್ ಪೆಡಲ್ ಅಡಿಯಲ್ಲಿ ಕಾಲಿಂಚು ದಪ್ಪದ ಅಯಸ್ಕಾಂತ ಸಿಕ್ಕಿತು. ಪೆಡಲ್ ಪೂರ್ತಿ ಕೆಳಗೆ ಹೋಗಲ್ಲ, ಥ್ರಾಟಲ್ ಪೂರ್ತಿ ತೆರೆಯಲ್ಲ, ಕಾಗದದ ಮೇಲೆ ಶಕ್ತಿ ಕಮ್ಮಿ ಕಾಣುತ್ತೆ. ಇಬ್ಬರು ಕ್ರೂ ಚೀಫ್‌ಗಳೂ ಅನಿರ್ದಿಷ್ಟ ಕಾಲ ಅಮಾನತಾದರು. ರೇಸಿನಲ್ಲಿ ವೇಗ ಕದಿಯಲು ಮೋಸ ಮಾಡೋದು ಕೇಳಿದ್ದೇವೆ. ಇದು ಇರುವ ವೇಗ ಬಚ್ಚಿಡಲು ಮಾಡಿದ್ದು.

ಎಂಜಿನ್ ಬಾಡಿಗೆಗೆ ಕೊಡುವ ಪದ್ಧತಿಯಲ್ಲೂ ಒಂದು ಮುಳ್ಳಿದೆ. 2013ರ ಕ್ಯಾನ್ಸಸ್ ರೇಸನ್ನು ಗಿಬ್ಸ್ ತಂಡದ ಮ್ಯಾಟ್ ಕೆನ್ಸೆತ್ ಟಿಆರ್‌ಡಿ ಎಂಜಿನಿನಲ್ಲಿ ಗೆದ್ದರು. ಎಂಜಿನ್ ಬಿಚ್ಚಿದಾಗ ಎಂಟು ಕನೆಕ್ಟಿಂಗ್ ರಾಡುಗಳಲ್ಲಿ ಒಂದು ಕನಿಷ್ಠ ತೂಕ 525 ಗ್ರಾಮಿಗಿಂತ ಸುಮಾರು 3 ಗ್ರಾಂ ಹಗುರ. ಏಳು ಸರಿ ಇದ್ದು ಒಂದೇ ಹಗುರ ಇದ್ದರೆ ವೇಗಕ್ಕೆ ಏನೂ ಲಾಭವಿಲ್ಲ, ಬ್ಯಾಲೆನ್ಸ್ ಕೆಡಬಹುದು ಅಷ್ಟೆ. ತಪ್ಪು ನಮ್ಮದೇ ಎಂದು ಟಿಆರ್‌ಡಿ ಒಪ್ಪಿತು. ಶಿಕ್ಷೆ ಬಿದ್ದದ್ದು ತಂಡಕ್ಕೆ: 50 ಅಂಕ, 2,00,000 ಡಾಲರ್. ಮೇಲ್ಮನವಿಯಲ್ಲಿ ಅಂಕ 12ಕ್ಕೆ ಇಳಿಯಿತು. ನಿಮ್ಮ ಯೋಜನೆಯಲ್ಲಿ ಹೊರಗಿನಿಂದ ಬರುವ ಪ್ರತಿ ರಾಡನ್ನೂ ಜೋಡಣೆಗೆ ಮುಂಚೆ ತೂಗುವ ಹಂತ ಇರಲಿ. ತಕ್ಕಡಿಯ ಖರ್ಚು ದಂಡದ ಮುಂದೆ ಏನೂ ಅಲ್ಲ.

ಹೆದ್ದಾರಿ ಬದಿ:
"ವಿದೇಶಿ" ಅನ್ನೋ ಪದವನ್ನೂ ಸ್ವಲ್ಪ ತಿದ್ದಿಕೊಳ್ಳಿ. ಮಾಲೀಕರು ಯಾವ ದೇಶದವರು ಅಂತ ಮಾತ್ರವಲ್ಲ, ಕಾರು ಎಲ್ಲಿ ತಯಾರಾಗುತ್ತೆ ಅಂತಲೂ ನೋಡಬೇಕು. ಕ್ಯಾಮ್ರಿ 1988ರಿಂದ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ತಯಾರಾಗುತ್ತಿದೆ. ತಮಾಷೆ ಅಂದರೆ 2007ರಲ್ಲಿ ಅದರ ಎದುರಾಳಿಗಳು: ಫೋರ್ಡ್ ಫ್ಯೂಷನ್ ಮೆಕ್ಸಿಕೋದ ಎರ್ಮೊಸಿಯೊದಿಂದ, ಷೆವರ್ಲೆ ಇಂಪಾಲಾ ಮತ್ತು ಡಾಜ್ ಚಾರ್ಜರ್ ಕೆನಡಾದಿಂದ. ಗ್ಯಾಲರಿಯಲ್ಲಿ ಬೈಸಿಕೊಂಡದ್ದು ಮಾತ್ರ ಕೆಂಟಕಿಯ ಕಾರು. ಡಾಜ್ 2001ರಲ್ಲಿ ಮರಳಿ ಬಂದಾಗ ಅದರ ಒಡೆಯ ಡೈಮ್ಲರ್‌ಕ್ರೈಸ್ಲರ್, ಕಚೇರಿ ಜರ್ಮನಿಯ ಸ್ಟುಟ್‌ಗಾರ್ಟ್. ಅದನ್ನು ಯಾರೂ ವಿದೇಶಿ ಅನ್ನಲಿಲ್ಲ.

ಟೊಯೋಟಾ ಮೊದಲನೆಯದೂ ಅಲ್ಲ. 1954ರ ಜೂನ್ 13ರಂದು ನ್ಯೂಜೆರ್ಸಿಯ ಲಿಂಡೆನ್‌ನಲ್ಲಿ, ವಿಮಾನ ನಿಲ್ದಾಣದ ರನ್‌ವೇ ಮೇಲೆ ಎರಡು ಮೈಲಿಯ ಟ್ರ್ಯಾಕ್ ಹಾಕಿ ನಡೆಸಿದ ರೇಸಿನಲ್ಲಿ ಆಲ್ ಕೆಲ್ಲರ್ ಜಾಗ್ವಾರ್ ಎಕ್ಸ್‌ಕೆ120 ಓಡಿಸಿ ಗೆದ್ದಿದ್ದರು. ಎಡಬಲ ಎರಡೂ ಕಡೆ ತಿರುವಿದ್ದ ಟ್ರ್ಯಾಕ್, ಹಗುರ ಸ್ಪೋರ್ಟ್ಸ್ ಕಾರು. ಭಾರದ ಸೆಡಾನ್‌ಗಳಿಗೆ ಅಲ್ಲಿ ಕೆಲಸವಿರಲಿಲ್ಲ. ಅದಾದ ಮೇಲೆ ವಿದೇಶಿ ಕಾರಿನ ಮುಂದಿನ ಗೆಲುವು ಮೇಲೆ ಹೇಳಿದ ಅಟ್ಲಾಂಟಾದ್ದೇ. 54 ವರ್ಷ.

ಎಂಟನೇ ಸೆಮ್:
ಎಲ್ಲರಿಗೂ ಧನ್ಯವಾದ. ಇವೆಲ್ಲ ಹಳೇ ನಿಯಮದ ಕಾಲದ್ದು ತಾನೆ? 2022ರಿಂದ ಬಂದ ನೆಕ್ಸ್ಟ್ ಜೆನ್ ಕಾರಿನಲ್ಲಿ ಭಾಗಗಳೆಲ್ಲ ಎಲ್ಲರಿಗೂ ಒಂದೇ ಅಂತ ಓದಿದೆ. ಹಾಗಾದರೆ ಈಗ ಹೋಗುವುದು ಸುಲಭ ಅಲ್ಲವಾ?

ಒಂದೇ ನಟ್ಟು:
ಕಾರಿನ ಮಟ್ಟಿಗೆ ಸುಲಭ, ಜಾಗದ ಮಟ್ಟಿಗೆ ಕಷ್ಟ.

ಚಾಸಿ ಮೂರು ತುಂಡು, ನಡುವಿನದಕ್ಕೆ ಮುಂದಿನದು ಹಿಂದಿನದು ಬೋಲ್ಟ್ ಆಗುತ್ತೆ, ಎಲ್ಲ ತಂಡಕ್ಕೂ ಒಬ್ಬರೇ ಪೂರೈಕೆದಾರರು. ಐದು ಗೇರಿನ ಸೀಕ್ವೆನ್ಷಿಯಲ್ ಟ್ರಾನ್ಸ್‌ಆಕ್ಸಲ್ (ಗೇರ್‌ಬಾಕ್ಸ್ ಮತ್ತು ಆಕ್ಸಲ್ ಒಂದೇ ಘಟಕದಲ್ಲಿ) ಎಕ್ಸ್‌ಟ್ರ್ಯಾಕ್ ಕಂಪನಿಯದು. ಚಕ್ರ 18 ಇಂಚಿನ ಅಲ್ಯುಮಿನಿಯಂ, ಹಿಂದಿನ ಐದು ನಟ್ಟಿನ ಬದಲು ನಡುವೆ ಒಂದೇ ನಟ್ಟು. ಹೊರಮೈ ಕಾಂಪೊಸಿಟ್. ಹೊಸ ಕಂಪನಿಯ ಪಾಲಿಗೆ ಉಳಿಯುವುದು ಎಂಜಿನ್, ಹೊರಮೈಯ ಆಕಾರ, ಸಿಮ್ಯುಲೇಶನ್ ಕೆಲಸ. ಆಕಾರವನ್ನು ವಿಂಡ್ ಟನೆಲ್‌ನಲ್ಲಿ ಪರೀಕ್ಷಿಸಿ ನಾಸ್ಕಾರ್ ಒಪ್ಪಬೇಕು. ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಮತ್ತು ಗಾಳಿಯ ಎಳೆತ ಉಳಿದ ಕಂಪನಿಗಳ ಜೊತೆ ನಿಗದಿತ ಮಿತಿಯೊಳಗೆ ಇರಬೇಕು. ಒಮ್ಮೆ ಒಪ್ಪಿಗೆಯಾದರೆ ಮನಸ್ಸಿಗೆ ಬಂದಾಗ ಬದಲಿಸುವಂತಿಲ್ಲ. ಮೂಗು ಚೂಪು ಮಾಡೋ ಚಟ ಇದ್ದರೆ ಆ ಟನೆಲ್ ಹಂತದಲ್ಲೇ ತೀರಿಸಿಕೊಳ್ಳಬೇಕು.

ಎಷ್ಟು ಬಿಗಿ ಅನ್ನುವುದಕ್ಕೆ 2022ರ ಜುಲೈನ ಪೊಕೊನೊ ಸಾಕು. ಡೆನಿ ಹ್ಯಾಮ್ಲಿನ್ ಮೊದಲು, ಕೈಲ್ ಬುಷ್ ಎರಡನೆಯವರು, ಇಬ್ಬರೂ ಟೊಯೋಟಾ. ತಪಾಸಣೆಯಲ್ಲಿ ಮುಂಭಾಗದ ಕೆಳಮೂಲೆಯ ಸ್ಟಿಕರ್ ಕಿತ್ತಾಗ ಅಡಿಯಲ್ಲಿ ಇನ್ನೊಂದು ವಿನೈಲ್ ಚೂರು: 2 ಇಂಚು ಅಗಲ, ಐದೂವರೆ ಇಂಚು ಉದ್ದ, ದಪ್ಪ 0.012 ಇಂಚು. ಅಂದರೆ 0.3 ಮಿಲಿಮೀಟರ್. ಚಕ್ರದ ಮುಂದಿನ ಆ ಮೂಲೆಯಲ್ಲಿ ಗಾಳಿ ತಿರುಗುವ ರೀತಿ ಬದಲಾಗುತ್ತೆ ಅನ್ನೋದು ತಕರಾರು. ಇಬ್ಬರೂ ಅನರ್ಹ, ಗೆಲುವು ಚೇಸ್ ಎಲಿಯಟ್‌ಗೆ. ಕಪ್ ರೇಸ್ ಗೆದ್ದವರೊಬ್ಬರು ಅನರ್ಹರಾದದ್ದು 1960ರ ನಂತರ ಅದೇ ಮೊದಲು.

ಇನ್ನು ಜಾಗ. 2016ರಿಂದ ಚಾರ್ಟರ್ ಪದ್ಧತಿ. 40 ಕಾರಿನ ರೇಸಿನಲ್ಲಿ 36 ಚಾರ್ಟರ್‌ನವು, ಅವಕ್ಕೆ ಪ್ರತಿ ರೇಸಿನಲ್ಲೂ ಜಾಗ ಖಾತ್ರಿ, ಬಹುಮಾನದ ಹಣದಲ್ಲಿ ಪಾಲೂ ಜಾಸ್ತಿ. ನಾಲ್ಕು ಜಾಗ ಮಾತ್ರ ಹೊರಗಿನವರಿಗೆ. 2007ರ 35ರ ನಿಯಮಕ್ಕಿಂತ ಗಟ್ಟಿ ಬಾಗಿಲು ಇದು, ಅಂಕ ಗಳಿಸಿ ಒಳಗೆ ಬರುವಂತಿಲ್ಲ. ಹಾಗಾಗಿ ಹೊಸ ಕಂಪನಿ ತಂಡ ಕಟ್ಟಬಾರದು, ಚಾರ್ಟರ್ ಇರುವ ತಂಡವನ್ನು ಒಲಿಸಿಕೊಳ್ಳಬೇಕು. ಟೊಯೋಟಾ ಈಗ ಮಾಡುವುದೂ ಅದನ್ನೇ. 2024ರಲ್ಲಿ ಲೆಗಸಿ ಮೋಟರ್ ಕ್ಲಬ್ ಷೆವರ್ಲೆ ಬಿಟ್ಟು ಬಂದಿತು.

ಕಬ್ಬಿಣದ ಬ್ಲಾಕ್:
ಒಂದು ಸೇರಿಸುತ್ತೇನೆ. ಟ್ರಕ್ ಸರಣಿಯಲ್ಲಿ ಈಗ ಇಲ್ಮೋರ್ ಕಂಪನಿಯ ಎನ್‌ಟಿ1 ಎಂಬ 396 ಘನ ಇಂಚಿನ ಎಂಜಿನ್ ಕೊಂಡು ಹಾಕಬಹುದು, ಯಾವ ಬ್ರಾಂಡ್ ಆದರೂ ಸರಿ. 2004ರ ಟೊಯೋಟಾಕ್ಕೆ ಈ ಅನುಕೂಲ ಇರಲಿಲ್ಲ. 2026ಕ್ಕೆ ಟ್ರಕ್ ಸರಣಿಗೆ ಮರಳುವುದಾಗಿ ಘೋಷಿಸಿದ ರ‍್ಯಾಮ್ ಹಿಡಿದದ್ದು ಇದೇ ದಾರಿ, ಕಾಲಿಗ್ ರೇಸಿಂಗ್ ಜೊತೆ. ಅದರ ಒಡೆಯ ಸ್ಟೆಲಾಂಟಿಸ್ ನೆದರ್‌ಲೆಂಡ್ಸ್‌ನಲ್ಲಿ ನೋಂದಾಯಿತ ಕಂಪನಿ, "ವಿದೇಶಿ" ಪಟ್ಟಿಗೆ ಸೇರಿಸುತ್ತೀರೋ ಬಿಡುತ್ತೀರೋ ನೀವೇ ನೋಡಿ. ಟ್ರಕ್‌ನಲ್ಲಿ ಕೊಂಡ ಎಂಜಿನ್ ಓಡುತ್ತಿರುವಾಗ ಕಪ್‌ಗೆ ಸ್ವಂತ ಎಂಜಿನ್ ಡೈನೊ ಮೇಲೆ ಕುದಿಯುತ್ತಿರಲಿ. ಒಂದಕ್ಕಾಗಿ ಇನ್ನೊಂದು ಕಾಯಬೇಕಿಲ್ಲ.

ಎಡಕ್ಕೇ ತಿರುಗು:
ಸರಿ, ಹಾಗಿದ್ದರೆ ನಿಮ್ಮ ಯೋಜನೆಯನ್ನು ಹೀಗೆ ತಿದ್ದಿ. ಮೊದಲ ವರ್ಷ ಎಂಜಿನ್ ಘಟಕಕ್ಕೆ ಜನ, ಜೊತೆಗೆ ಉತ್ತರ ಕೆರೊಲಿನಾದಲ್ಲಿ ಕಚೇರಿ. ಹೆಚ್ಚಿನ ತಂಡಗಳು ಇರುವುದು ಷಾರ್ಲೆಟ್ ಸುತ್ತಮುತ್ತ. ಎರಡು, ಮೂರನೇ ವರ್ಷ ಇಲ್ಮೋರ್ ಎಂಜಿನಿನೊಂದಿಗೆ ಟ್ರಕ್. ಮೂರನೇ ವರ್ಷದೊಳಗೆ ಚಾರ್ಟರ್ ಇರುವ ಒಂದು ತಂಡದ ಜೊತೆ ಒಪ್ಪಂದ, ಎರಡು ಅಥವಾ ಮೂರು ಕಾರು ಸಾಕು. ನಾಲ್ಕನೇ ವರ್ಷ ಹೊರಮೈಗೆ ಒಪ್ಪಿಗೆ, ಐದನೇ ವರ್ಷ ಕಪ್. ಗೆಲುವಿನ ಕಾಲಂ ಅದಕ್ಕಿಂತ ಮುಂಚೆ ತುಂಬಬೇಡಿ. ಟೊಯೋಟಾಕ್ಕೆ ಡ್ಯಾಶ್ ಸರಣಿಯಿಂದ ಕಪ್ ಗೆಲುವಿಗೆ ಎಂಟು ವರ್ಷ, ಕಪ್ ಚಾಂಪಿಯನ್‌ಶಿಪ್‌ಗೆ ಹದಿನೈದು ವರ್ಷ ಹಿಡಿಯಿತು, 2015ರಲ್ಲಿ ಕೈಲ್ ಬುಷ್ ಕೈಯಲ್ಲಿ.

ಮತ್ತೆ ಮೊದಲ ಸ್ಲೈಡಿಗೆ ಬಿಡದಿಯಲ್ಲಿ ಜೋಡಿಸುವ ಕ್ಯಾಮ್ರಿಯ ಫೋಟೊ ಹಾಕಬೇಡಿ. ಅದು ಮುಂದಿನ ಚಕ್ರ ಎಳೆಯುವ ಹೈಬ್ರಿಡ್, ಇದು ಹಿಂದಿನ ಚಕ್ರ ತಳ್ಳುವ ವಿ8. ಎರಡಕ್ಕೂ ಒಂದು ನಟ್ಟಿನ ಸಂಬಂಧವೂ ಇಲ್ಲ, ಮೊದಲ ಪ್ರಶ್ನೆಯೇ ಅದರ ಮೇಲೆ ಬೀಳುತ್ತೆ.